ಏಳನೇ ತೊಟ್ಟಿಯಲ್ಲಿ ಈಜದೆ ಕುಳಿತವರಿಗೆ

ಮೃಗಾಲಯದ ಮತ್ಸ್ಯಾಗಾರದಲ್ಲಿ, ಏಳನೇ ತೊಟ್ಟಿಯ ತಳದಲ್ಲಿ ಕಾಯಂ ಆಸೀನರಾಗಿರುವ ಮಾನ್ಯ ಮೀನಿನವರೇ,

ತಮ್ಮ ಕಿವಿರುಗಳಿಗೂ ಅವು ಆಡುವ ನಿಧಾನಕ್ಕೂ ನಮಸ್ಕರಿಸಿ, ನಾಲ್ಕು ವರ್ಷಗಳಿಂದ ತಮಗೆ ಸಿಗಡಿ ಹಾಕುತ್ತಿರುವ ಮೀನುಪಾಲಕನಾದ ನಾನು ಅರಿಕೆ ಮಾಡಿಕೊಳ್ಳುವುದೇನೆಂದರೆ, ಹೊಸ ಮೇಲ್ವಿಚಾರಕರು ಪ್ರತಿ ತೊಟ್ಟಿಯ ಪಕ್ಕದಲ್ಲೂ ಒಂದು ಹಾಳೆ ಅಂಟಿಸಿದ್ದು, ಅದರಲ್ಲಿ 'ಈಜುತ್ತಿದೆಯೇ?' ಎಂಬ ಒಂದೇ ಪ್ರಶ್ನೆಯಿದೆ. ಸತತ ಮೂರು ದಿನ 'ಇಲ್ಲ' ಎಂದಾದರೆ ಮೀನು ಸತ್ತಿದೆಯೆಂದು ತಿಳಿದು ಊಟ ನಿಲ್ಲಿಸಬೇಕು. ಸುಳ್ಳು ಬರೆದು ಅಭ್ಯಾಸವಿಲ್ಲದ ನಾನು ಮೂರು ದಿನವೂ 'ಇಲ್ಲ' ಎಂದು ಬರೆದೆ. ಹೀಗಾಗಿ ತಾವು ಗುರುವಾರ ಮಧ್ಯಾಹ್ನ ಕಚೇರಿಯ ಪ್ರಕಾರ ತೀರಿಕೊಂಡಿರಿ.

ತಮ್ಮ ಹೊಟ್ಟೆಯಲ್ಲಿ ತೇಲಿಸುವ ಗಾಳಿಚೀಲವಿಲ್ಲ, ಈಜುವುದು ತಮ್ಮ ಕೈಲಾಗದ ಕೆಲಸ ಎಂದು ವಿವರಿಸಿದ್ದಕ್ಕೆ ಮೇಲ್ವಿಚಾರಕರು, "ಈಜೋಕೆ ಬರಲ್ಲ ಅಂದ್ಮೇಲೆ ನೀರಲ್ಲಿ ಯಾಕಪ್ಪಾ ಇದೆ ಅದು?" ಎಂದರು. ಪ್ರಶ್ನೆ ತಮಗೆ ಸೇರಿದ್ದರಿಂದ ತಲುಪಿಸಿದ್ದೇನೆ. ನೋಡಲು ಬಂದ ಅಜ್ಜಿಯೊಬ್ಬರು ಮೊಮ್ಮಗಳಿಗೆ, "ಬಾರೇ, ಇಲ್ಲಿ ಬರೀ ಕಲ್ಲು ಇಟ್ಟಿದ್ದಾರೆ" ಎಂದಾಗಲೂ ತಾವು ಹುಬ್ಬೇರಿಸಲಿಲ್ಲ. ಅಲುಗಾಡದೆ ಕುಳಿತು ಕುರ್ಚಿ ಉಳಿಸಿಕೊಂಡ ಹಲವರನ್ನು ನಮ್ಮ ಕಚೇರಿಯಲ್ಲೇ ಬಲ್ಲೆನಾದರೂ, ಅವರಲ್ಲಿ ಯಾರೂ ಗೋಡೆಯ ಬಣ್ಣಕ್ಕೆ ಇಷ್ಟು ಚೆನ್ನಾಗಿ ಹೊಂದಿಕೊಂಡಿಲ್ಲ.

ಸತ್ತವರಿಗೆ ಊಟ ಹಾಕಿದರೆ ನನ್ನ ಕೆಲಸ ಹೋಗುತ್ತದೆ. ಹಾಕದಿದ್ದರೆ ತಾವೇ ಕಚೇರಿಯ ಮಾತನ್ನು ನಿಜ ಮಾಡಿಬಿಡುತ್ತೀರಿ. ಸೋಮವಾರ ಹನ್ನೊಂದು ಗಂಟೆಗೆ ಮೇಲ್ವಿಚಾರಕರು ತೊಟ್ಟಿ ಖಾಲಿ ಮಾಡಿಸಲು ಬರುತ್ತಾರೆ. ದಯಮಾಡಿ ಅವರೆದುರು ಒಂದು ಮೊಳ ದೂರ ಈಜಬೇಕು. ಆಗದಿದ್ದರೆ ಎಡಕ್ಕೆ ಹರಿಯುವಂತೆ ನೀರಿಗೆ ಹೇಳಿ, ತಾವು ಸುಮ್ಮನೆ ಅದರ ಜೊತೆ ಹೋಗಬೇಕು. ಅದೂ ಆಗದಿದ್ದರೆ, ಬದುಕಿರುವವರಂತೆ ಏನಾದರೊಂದು ಮಾಡಬೇಕು.

ತಾವು ಬದುಕಿದ್ದೀರೆಂದು ನಂಬಿರುವ ಏಕೈಕ ನೌಕರ ಹಾಗೂ ತಮ್ಮ ವಿಶ್ವಾಸಿ,
ಮೀನುಪಾಲಕ

ಸೋಮವಾರ ಮಧ್ಯಾಹ್ನ ಸೇರಿಸಿದ್ದು: ಮೇಲ್ವಿಚಾರಕರೆದುರು ತಾವು ಎದೆಯ ರೆಕ್ಕೆಗಳನ್ನು ಕೈಯಂತೆ ಊರಿ ನಾಲ್ಕು ಹೆಜ್ಜೆ ನಡೆದು ಕುಳಿತಿದ್ದಕ್ಕೆ ಕೃತಜ್ಞತೆಗಳು. ತಾವು ಬದುಕಿರುವುದನ್ನು ಕಚೇರಿ ಒಪ್ಪಿದೆ. ಆದರೆ ನಡೆಯುವಂಥದ್ದು ಮೀನಾಗಿರಲು ಸಾಧ್ಯವಿಲ್ಲವೆಂದು ತೀರ್ಮಾನಿಸಿ, ತಮ್ಮನ್ನು ಜಿಂಕೆ ವಿಭಾಗಕ್ಕೆ ವರ್ಗಾಯಿಸಲಾಗಿದೆ. ಜಿಂಕೆಪಾಲಕ ತೊಟ್ಟಿಯ ಮುಂದೆ ಹುಲ್ಲಿನ ಕಂತೆ ಹಿಡಿದು ನಿಂತು, "ಅಣ್ಣಾ, ಇದನ್ನ ಒಣಗಿಸಿ ಹಾಕ್ಲಾ, ಹಾಗೇ ಹಾಕ್ಲಾ?" ಎಂದು ನನ್ನನ್ನು ಕೇಳುತ್ತಿದ್ದಾನೆ.