ಸೇತುವೆ ಕೆಳಗಿನ ಫಿಗರ್

"ನೋಡ್ತಾ ಇರು! ಈ ದೇಶಾನ ಬರೀ ಶನಿವಾರ ಭಾನುವಾರದಲ್ಲೇ ಜಾಲಾಡಿಬಿಡ್ತೀನಿ. ವಾಪಸ್ ಹೋಗೋ ಹೊತ್ತಿಗೆ ನೀನು ನೋಡದೆ ಉಳಿದ ಜಾಗ ಒಂದಿದ್ರೂ ನನ್ನ ಮೀಸೆ ಬೋಳಿಸ್ಕೋತೀನಿ!"

ಹೀಗೆಂದು ಶಪಥ ಮಾಡಿದವರು ಸೇತುವೆ ಸಾಹೇಬರು. ಆಗಿನ್ನೂ ಪರದೇಶದ ಬಾಡಿಗೆ ಕೋಣೆಯಲ್ಲಿ ಪೆಟ್ಟಿಗೆಗೆ ಕಟ್ಟಿದ ಹಗ್ಗವನ್ನೂ ಬಿಚ್ಚಿರಲಿಲ್ಲ. ಕೇಳಿ ಹಿಗ್ಗಿದವಳು ಅವರ ಹೆಂಡತಿ ಫೋನಕ್ಕ.

ಸಾಹೇಬರು ರಸ್ತೆ, ಸೇತುವೆ ಕಟ್ಟಿಸುವ ಇಲಾಖೆಯ ಇಂಜಿನಿಯರು. ಕಿವಿಯ ಪಕ್ಕ ನರೆ ಬಂದ ಮೇಲೆ ಇನ್ನೊಂದು ಡಿಗ್ರಿಯ ಆಸೆ ಹುಟ್ಟಿ, ರಜೆ ಹಾಕಿ ಓದಲು ಬಂದಿದ್ದರು. ಫೋನಕ್ಕ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರು. ಊರಿನ ಜನರನ್ನೆಲ್ಲ ಒಬ್ಬರಿಗೊಬ್ಬರು ಮಾತಾಡಿಸಿದವಳಿಗೆ ಸ್ವಂತ ಮನೆಯಲ್ಲಿ ಮಾತ್ರ ಲೈನು ಸಿಕ್ಕಿರಲಿಲ್ಲ. ಮದುವೆಯಾದಂದಿನಿಂದ ಗಂಡನ ಕಡೆ ಬರೀ ಎಂಗೇಜು! ಊಟಕ್ಕೆ ಕೂತರೂ ಕಣ್ಣು ನಕ್ಷೆಯ ಮೇಲೆ. ಎದುರಿಗೆ ಬಂದು ನಿಂತರೆ, "ಬೆಳಕಿಗೆ ಅಡ್ಡ ಬರ್ಬೇಡ" ಅನ್ನುವ ಆಸಾಮಿ. ಮದುವೆಯ ಫೋಟೋದಲ್ಲೂ ಅಷ್ಟೇ. ಅವಳು ತಲೆ ತಗ್ಗಿಸಿ ನಿಂತಿದ್ದರೆ, ಮದುಮಗ ಶಾಮಿಯಾನದ ಕಂಬ ಗಟ್ಟಿಯಿದೆಯೋ ಇಲ್ಲವೋ ಎಂದು ಮೇಲೆ ನೋಡುತ್ತಿದ್ದಾರೆ!

ಅಂಥ ಮನುಷ್ಯ "ನೀನೂ ಬಾ" ಅಂದಾಗ ಅವಳು ಅಳೆದೂ ಸುರಿದೂ, ಕೊನೆಗೆ ಕೆಲಸಕ್ಕೆ ರಾಜೀನಾಮೆ ಕೊಟ್ಟು ಹೊರಟಳು. ಆಸೆ ದೊಡ್ಡದೇನಲ್ಲ. ಈ ಗಂಡಸು ಒಂದು ಸಲ ತನ್ನನ್ನು ಕಣ್ತುಂಬ ನೋಡಲಿ. ಇಬ್ಬರೂ ಅಕ್ಕಪಕ್ಕ ನಿಂತ ಫೋಟೋ ಒಂದಿರಲಿ. ಅಷ್ಟೇ.

ಮೊದಲ ಶನಿವಾರ ಬಂತು. ಫೋನಕ್ಕ ಪಾದ ಮುಟ್ಟುವ ಹಸಿರು ಕೋಟು ತೊಟ್ಟು, ಬ್ರೆಡ್ಡು ಫ್ಲಾಸ್ಕು ಕಟ್ಟಿಕೊಂಡು ರೈಲು ಹತ್ತಿದಳು. ಇಳಿದ ಊರಿನಲ್ಲಿ ಜನರೆಲ್ಲ ಬಲಕ್ಕೆ ತಿರುಗಿದರು. ಸಾಹೇಬರು ಎಡಕ್ಕೆ ತಿರುಗಿದರು.

"ಅರಮನೆ ಆ ಕಡೆ ಇದೆಯಂತಲ್ಲ ರೀ?"

"ಅರಮನೆ ಕೆಳಗೆ ನೀರು ಹರಿಯುತ್ತೇನು?"

"ಇಲ್ಲ."

"ಮತ್ತೆ? ನೋಡೋಕೆ ಏನಿದೆ ಅದರಲ್ಲಿ!"

ಎಡಕ್ಕಿದ್ದದ್ದು ಒಂದು ಮುದಿ ಕಲ್ಲುಸೇತುವೆ. ಸಾಹೇಬರು ಚೀಲದಿಂದ ಹೊಸ ಕ್ಯಾಮೆರಾ ತೆಗೆದರು.

"ಕಮಾನಿನ ಕೆಳಗೆ ಹೋಗಿ ನಿಂತ್ಕೋ. ಇನ್ನೂ ಹಿಂದೆ. ಗೋಡೆಗೆ ಒತ್ತಿಕೋ. ತಲೆ ನೆಟ್ಟಗೆ!"

"ನಗಲಾ?"

"ನಗು ಗಿಗು ಏನೂ ಬೇಡ. ನೆಟ್ಟಗೆ ನಿಂತ್ರೆ ಸಾಕು."

ಕಾಲ ಕೆಳಗೆ ಕೆಸರು, ಕೋಟಿನ ಕತ್ತಿನೊಳಕ್ಕೆ ಕಮಾನಿನಿಂದ ತೊಟ್ಟಿಕ್ಕುವ ತಣ್ಣನೆಯ ನೀರು. ಆದರೂ ಅವಳ ಎದೆ ಬೆಚ್ಚಗಾಯಿತು. ಎಷ್ಟು ಹೊತ್ತು ನೋಡುತ್ತಿದ್ದಾರೆ! ಎರಡು ಕಣ್ಣಿದ್ದೂ ನೋಡದವರು ಒಂದು ಕಣ್ಣು ಮುಚ್ಚಿಯಾದರೂ ನೋಡುತ್ತಿದ್ದಾರಲ್ಲ!

"ನೀವೂ ಬನ್ನಿ, ಯಾರಾದ್ರೂ ದಾರಿಹೋಕರಿಗೆ ಕ್ಯಾಮೆರಾ ಕೊಟ್ಟು ಇಬ್ರೂ ನಿಲ್ಲೋಣ."

"ಇಬ್ರಾ? ಇಬ್ರು ಯಾತಕ್ಕೆ? ಒಬ್ಳು ಸಾಕು."

ಒಬ್ಳು ಸಾಕು! ಆ ಮಾತನ್ನೇ ಕಲ್ಲುಸಕ್ಕರೆಯ ಹಾಗೆ ಬಾಯಲ್ಲಿಟ್ಟುಕೊಂಡು ಅವಳು ಮನೆಗೆ ಬಂದಳು. ಆಮೇಲೆ ವಾರ ತಪ್ಪಲಿಲ್ಲ. ಕಲ್ಲಿನದು, ಇಟ್ಟಿಗೆಯದು, ಕಬ್ಬಿಣದ್ದು. ಅದೇ ನದಿ, ಅದೇ ಬ್ರೆಡ್ಡು, ಅದೇ ಕೆಸರು. ಕೊನೆಗೆ ಸಮುದ್ರದ ಊರಿಗೂ ಹೋಗಿ, ಸಮುದ್ರಕ್ಕೆ ಬೆನ್ನು ಹಾಕಿ ನಿಂತು ಬಂದದ್ದಾಯಿತು. ಯಾಕೆಂದರೆ ಸೇತುವೆ ಈ ಕಡೆ ಇತ್ತು!

ಮೊದಲ ಫೋಟೋ ತೊಳೆಸಿ ತಂದ ದಿನ ಅದರ ಬೆನ್ನ ಮೇಲೆ ಸಾಹೇಬರ ದುಂಡನೆಯ ಅಕ್ಷರ ಕಂಡಿತು: "ಫಿಗರ್ ಒಂದು." ಫೋನಕ್ಕನ ಕಿವಿ ಕೆಂಪಾಯಿತು. ಎಕ್ಸ್‌ಚೇಂಜಿನ ಗೇಟಿನ ಮುಂದೆ ಪಡ್ಡೆ ಹುಡುಗರು ಹೊಸ ಆಪರೇಟರ್ ಹುಡುಗಿಯರನ್ನು ಕಂಡು "ಫಿಗರ್ ನೋಡ್ರೋ!" ಎನ್ನುತ್ತಿದ್ದರು. ಅವಳನ್ನು ಕಂಡು ಒಬ್ಬನೂ ಅಂದಿರಲಿಲ್ಲ. ಪರದೇಶಕ್ಕೆ ಬಂದ ಮೇಲೆ, ಕಟ್ಟಿಕೊಂಡ ಗಂಡನೇ ಪಡ್ಡೆಯಾದನೇ!

ಕೆಳಗಿನ ಮನೆಯಲ್ಲಿ ನಮ್ಮ ಕಡೆಯವಳೇ ಒಬ್ಬಳಿದ್ದಳು. ಅವಳ ಗಂಡನೂ ಓದಲು ಬಂದವನು. ಅವಳ ನಾಲಿಗೆ ಕತ್ತರಿ. ಫೋನಕ್ಕ ತಡೆಯಲಾರದೆ ಫೋಟೋ ತೋರಿಸಿದಳು.

"ಅಕ್ಕಾ, ಇದರಲ್ಲಿ ನೀವೆಲ್ಲಿ?"

"ಇಲ್ಲೇ ಕಣೇ, ಕಮಾನಿನ ಬುಡದಲ್ಲಿ."

"ಅಯ್ಯೋ, ನೊಣ ಕೂತಿದೆ ಅಂತ ಆಗ್ಲಿಂದ ಊದ್ತಾ ಇದ್ದೀನಿ!" ಅವಳು ಹಿಂದೆ ತಿರುಗಿಸಿ ಓದಿದಳು. "ಫಿಗರ್ರಾ! ನಮ್ಮನೆಯವ್ರು ನನ್ನ ಕರೆಯೋದು 'ಏಯ್' ಅಂತ. ನೀವು ಪುಣ್ಯವಂತೆ ಬಿಡಿ. ಆದ್ರೂ ಅಕ್ಕಾ, ಫಿಗರ್ ಅಂದ್ಮೇಲೆ ಒಂಚೂರು ಎತ್ತರ ಬೇಡ್ವಾ? ನಡೀರಿ ಬೂಟಿನ ಅಂಗಡಿಗೆ!"

ಅಲ್ಲಿಂದ ಶುರುವಾಯಿತು ಫೋನಕ್ಕನ ಬೆಳವಣಿಗೆ. ಮೊದಲು ಹಿಮ್ಮಡಿಯ ಬೂಟು. ಅದು ಸಾಲದೆನಿಸಿ ಅಂಗೈ ದಪ್ಪದ ಅಟ್ಟೆಯ ಬೂಟು. ಮುಂದಿನ ಊರಲ್ಲಿ ಬೂಟಿನ ಕೆಳಗೆ ಒಂದು ಇಟ್ಟಿಗೆ, ತಲೆಯ ಮೇಲೆ ಗೊಂಡೆಯ ಉಣ್ಣೆ ಟೊಪ್ಪಿಗೆ. ಉದ್ದನೆಯ ಕೋಟು ಬೂಟು, ಇಟ್ಟಿಗೆ ಎರಡನ್ನೂ ಮುಚ್ಚಿಟ್ಟುಕೊಂಡಿತು. ಎದೆಗೆ ಬರುತ್ತಿದ್ದ ಹೆಂಡತಿ ಭುಜಕ್ಕೆ ಬಂದಳು, ಭುಜದಿಂದ ಕಿವಿಗೆ ಬಂದಳು. ಗಂಡ ಗಮನಿಸಬೇಕಲ್ಲ! ಒಮ್ಮೆ ರೈಲಿನಲ್ಲಿ ಅವಳ ಟೊಪ್ಪಿಗೆಯನ್ನೇ ದಿಟ್ಟಿಸಿದರು. ಅವಳು ಗೊಂಡೆ ಸರಿಮಾಡಿಕೊಂಡಳು.

"ಏನು ರೀ?"

"ಸ್ವಲ್ಪ ಬಗ್ಗು. ಕಿಟಕಿಯಾಚೆ ಸೇತುವೆ ಬಂತು."

ಆದರೆ ಸಾಹೇಬರು ಮಾತ್ರ ಏನೋ ಖುಷಿಗೆ ದಿನದಿನಕ್ಕೆ ಉಬ್ಬುತ್ತಿದ್ದರು. ಒಂದು ಬೆಳಿಗ್ಗೆ ಹಲ್ಲುಜ್ಜುತ್ತಿದ್ದವರು ನೊರೆ ಬಾಯಲ್ಲೇ ಕೂಗಿದರು.

"ಸಿಕ್ತು ಕಣೇ! ನದಿ ಕೆಳಕ್ಕೆ ಹೋದ ಹಾಗೆಲ್ಲ ಹಳೇ ಕಾಲದವ್ರು ಸೇತುವೆಗಳನ್ನ ಗಿಡ್ಡ ಮಾಡ್ತಾ ಹೋಗಿದ್ದಾರೆ! ವಾರ ವಾರಕ್ಕೂ ಗಿಡ್ಡ! ಇದುವರೆಗೂ ಯಾರ ಕಣ್ಣಿಗೂ ಬಿದ್ದಿಲ್ಲ!"

"ಒಳ್ಳೇದಾಯ್ತು. ಬಾಯಿ ತೊಳ್ಕೊಳ್ಳಿ."

ಹೀಗೆ ಜಗತ್ತಿಗೆ "ಕುಗ್ಗುವ ಸೇತುವೆಗಳ ಸಿದ್ಧಾಂತ" ಕೊಡುಗೆಯಾಗಿ ಬಂತು. ಕಾಲೇಜಿನಲ್ಲಿ ಎಲ್ಲರೆದುರು ಅದನ್ನು ಮಂಡಿಸುವ ದಿನವೂ ಬಂತು. "ನೀನೂ ಬಾ, ಖುರ್ಚಿ ಖಾಲಿ ಕಾಣಬಾರದು" ಎಂದರು. ಇದಕ್ಕಿಂತ ಪ್ರೀತಿಯ ಕರೆ ಉಂಟೇ! ಫೋನಕ್ಕ ಅತಿ ಎತ್ತರದ ಬೂಟು, ಗೊಂಡೆಯ ಟೊಪ್ಪಿಗೆ ಧರಿಸಿ ಮುಂದಿನ ಸಾಲಿನಲ್ಲಿ ಕೂತಳು.

ದೀಪ ಆರಿತು. ಗೋಡೆಯಗಲದ ಪರದೆಯ ಮೇಲೆ ಅವಳೇ ಮೂಡಿದಳು! ನೊಣವಲ್ಲ, ಆಳೆತ್ತರ! ಸಾಹೇಬರು ತುಂಬಿದ ಸಭೆಯಲ್ಲಿ, ಯಾವ ನಾಚಿಕೆಯೂ ಇಲ್ಲದೆ, "ಫಿಗರ್ ಒನ್!" ಎಂದರು. ಅವಳು ಟೊಪ್ಪಿಗೆಯನ್ನು ಕಣ್ಣಿನವರೆಗೂ ಎಳೆದುಕೊಂಡಳು.

ಆಮೇಲೆ ಸಾಹೇಬರು ಬೆತ್ತ ಎತ್ತಿ ಪರದೆಯ ಮೇಲಿನ ಅವಳ ಕಾಲಿಗೊಂದು, ತಲೆಗೊಂದು ತಟ್ಟಿ ಇಂಗ್ಲಿಷಿನಲ್ಲಿ ವಿವರಿಸಿದರು. ಟ್ರಂಕ್ ಕಾಲ್ ಜೋಡಿಸಿದ ಕಿವಿಗೆ ಅಷ್ಟು ಇಂಗ್ಲಿಷು ಸಾಕಾಗಿತ್ತು. ಇಲ್ಲಿ ನಿಂತಿರುವುದು ಅಳತೆಗಾಗಿ. ಇದರ ಎತ್ತರ ಐದಡಿ. ಇಂಥವನ್ನು ಒಂದರ ಮೇಲೊಂದು ಎಷ್ಟು ಇಟ್ಟರೆ ಕಮಾನು ಮುಟ್ಟುತ್ತದೋ, ಅದೇ ಸೇತುವೆಯ ಎತ್ತರ.

ಇದು. ಇಂಥವು. ಹೆಂಡತಿ ಅನ್ನಲಿಲ್ಲ, ಹೆಂಗಸು ಅಂತಲೂ ಅನ್ನಲಿಲ್ಲ. ಫಿಗರ್ ಎರಡು, ಫಿಗರ್ ಮೂರು ಎಂದು ಪರದೆಯ ಮೇಲೆ ಚಿತ್ರಗಳು ಉರುಳುತ್ತಲೇ ಇದ್ದವು. ಫಿಗರ್ ಅಂದರೆ ಬರೀ ಚಿತ್ರ ಅಂತೆ! ಕೆಲಸ ಬಿಟ್ಟು, ಕೆಸರು ತುಳಿದು, ಕುತ್ತಿಗೆಗೆ ನೀರು ಸುರಿಸಿಕೊಂಡು ನಿಂತದ್ದಕ್ಕೆ ಸಿಕ್ಕ ಪದವಿ: ಅಳತೆಗೋಲು. ಅಳೆಯುವುದು ಅವರ ಪಾಲು, ಅಳುವುದು ಇವಳ ಪಾಲು.

ಅಷ್ಟರಲ್ಲಿ ಬೋಳುತಲೆಯ ಪ್ರೊಫೆಸರು ಎದ್ದರು. "ಈ ಕೊನೆಯ ಸೇತುವೆ ನನ್ನ ಮನೆಯ ಹತ್ತಿರದ್ದು. ಅದರ ಕೆಳಗಿನ ದಂಡೆಯಲ್ಲೇ ನಾನು ದಿನಾ ಸೈಕಲ್ಲಿನಲ್ಲಿ ಹೋಗುತ್ತೇನೆ. ನಿಮ್ಮ ಲೆಕ್ಕ ಸರಿಯಾಗಿದ್ದರೆ ನನ್ನ ತಲೆ ಈ ಹೊತ್ತಿಗೆ ಹೆಗಲ ಮೇಲಿರಬಾರದಿತ್ತು. ಆ ಹೆಂಗಸಿನ ಎತ್ತರ ನಿಮಗೆ ಖಚಿತವಾಗಿ ಗೊತ್ತೇ?"

"ಗೊತ್ತಿಲ್ಲದೆ ಏನು ಸರ್! ನನ್ನ ಸ್ವಂತ ಹೆಂಡತಿ! ಇಲ್ಲೇ ಇದ್ದಾಳೆ!"

ನಾಲ್ಕು ಜನರ ಮುಂದೆ ಮೊದಲ ಸಲ 'ನನ್ನ ಹೆಂಡತಿ' ಅಂದರು. ಅದೂ ಸಾಕ್ಷಿಗೆ!

ಫೋನಕ್ಕ ಎದ್ದು ನಿಂತಳು. ಪ್ರೊಫೆಸರು ಅವಳ ತಲೆ ನೋಡಿದರು, ಕಾಲು ನೋಡಿದರು, ಕೆಮ್ಮಿದರು. ಬೂಟು ಬಿಚ್ಚಬಹುದೇ ಎಂದು ತುಂಬ ಮರ್ಯಾದೆಯಿಂದ ಕೇಳಿದರು. ಅವಳು ಟೊಪ್ಪಿಗೆ ತೆಗೆದಳು. ಬಗ್ಗಿ ಒಂದು ಬೂಟು ಬಿಚ್ಚಿದಳು, ಆ ಕಡೆಗೆ ವಾಲಿದಳು. ಇನ್ನೊಂದು ಬಿಚ್ಚಿದಳು. ಎಲ್ಲರ ಕಣ್ಣೆದುರೇ ಕುಗ್ಗಿದ್ದು ಸೇತುವೆಯಲ್ಲ, ಅವಳು!

ಸಭೆ ಹೊಟ್ಟೆ ಹಿಡಿದುಕೊಂಡು ನಕ್ಕಿತು. ನಗದೆ ಉಳಿದವರು ಸಾಹೇಬರೊಬ್ಬರೇ. ಎರಡೂ ಕಣ್ಣು ಬಿಟ್ಟು, ನೆತ್ತಿಯಿಂದ ಕಾಲುಚೀಲದ ತೂತಿನವರೆಗೂ ಹೆಂಡತಿಯನ್ನು ನೋಡಿದರು. ಅವಳು ಕೆಲಸ ಬಿಟ್ಟು ಬಂದದ್ದೇ ಆ ನೋಟಕ್ಕೆ. ಕೊನೆಗೂ ಸಿಕ್ಕಿತು!

ಮನೆಗೆ ಹೋಗುವ ದಾರಿಯಲ್ಲಿ ಸಾಹೇಬರು ಸಿಡಿದರು.

"ಅಲ್ಲ ಕಣೇ, ಇಷ್ಟು ತಿಂಗಳಿಂದ ಇಟ್ಟಿಗೆ ಮೇಲೆ ನಿಂತಿದ್ದೀನಿ ಅಂತ ಒಂದು ಮಾತು ಹೇಳಬಾರದಿತ್ತಾ?"

"ಇಷ್ಟು ತಿಂಗಳಿಂದ ನೀವು ಒಂದು ಸಲ ನೋಡಬಾರದಿತ್ತಾ?"

"ನೋಡ್ತಾನೇ ಇದ್ನಲ್ಲ, ಕ್ಯಾಮೆರಾದಲ್ಲಿ!"

"ನೀವು ನೋಡಿದ್ದು ಸೇತುವೆ."

ಪ್ರೊಫೆಸರು ಒಳ್ಳೆಯವರು. ಮತ್ತೆ ಅಳೆದು ತನ್ನಿ ಎಂದರು. ಮುಂದಿನ ಶನಿವಾರ ಸಾಹೇಬರು ಕೆಂಪು ಬಿಳಿ ಪಟ್ಟೆಯ ಮರದ ಕೋಲು ತಂದರು. ರೈಲಿನಲ್ಲಿ ಕಿಟಕಿ ಪಕ್ಕದ ಜಾಗ ಕೋಲಿಗೆ. ಮಳೆ ಹನಿದರೆ ಸಾಹೇಬರ ಕೊಡೆ ಕೋಲಿಗೆ. "ಬಣ್ಣ ಹೋದ್ರೆ ಕಷ್ಟ ಕಣೇ!" ಗಾಳಿಗೆ ಅದು ಬೀಳದ ಹಾಗೆ ತೋಳು ಬಳಸಿ ಕಮಾನಿನ ಕೆಳಗೆ ತಾವೇ ನಿಂತರು. ಕ್ಯಾಮೆರಾ ಒತ್ತುವ ಕೆಲಸ ಫೋನಕ್ಕನಿಗೆ. ಲೆಕ್ಕ ಇನ್ನು ತಪ್ಪುವುದಿಲ್ಲ ಎಂಬ ಖುಷಿಗೆ ಸಾಹೇಬರು ಬಾಯ್ತುಂಬ ನಕ್ಕರು.

"ನಗ್ಬೇಡಿ. ನೆಟ್ಟಗೆ ನಿಂತ್ರೆ ಸಾಕು," ಎಂದಳು ಫೋನಕ್ಕ ಒಂದು ಕಣ್ಣು ಮುಚ್ಚಿ.

ಡಿಗ್ರಿ ಬಂತು. ಅರಮನೆ ಹಾಗೇ ಉಳಿಯಿತು, ಮೀಸೆಯೂ ಹಾಗೇ ಉಳಿಯಿತು. ವಾಪಸ್ಸು ಬಂದಾಗ ಎಕ್ಸ್‌ಚೇಂಜಿನಲ್ಲಿ ಅವಳ ಖುರ್ಚಿಯ ಮೇಲೆ ಬೇರೊಬ್ಬಳು ಕೂತಿದ್ದಳು.

ಈಗ ಸಾಹೇಬರಿಲ್ಲ. ಹೋದ ಮೇಲೆ ಗೋಡೆಗೆ ಹಾಕಲು ಹುಡುಕಿದರೆ, ಅವರ ಮುಖ ಚೆನ್ನಾಗಿ ಬಂದ ಫೋಟೋ ಪಟ್ಟೆ ಕೋಲು ಬಳಸಿ ನಿಂತ ಅದೊಂದೇ. ಕೋಲು ಬಿಟ್ಟು ಅವರೊಬ್ಬರನ್ನೇ ದೊಡ್ಡದು ಮಾಡಿಕೊಡಪ್ಪ ಎಂದರೆ ಸ್ಟುಡಿಯೋದವನು ತಲೆಯಾಡಿಸಿದ: "ಆಗಲ್ಲಮ್ಮ. ಅದನ್ನ ತೆಗೆದ್ರೆ ಯಜಮಾನರ ಕೈಯೂ ಹೋಗುತ್ತೆ." ಹಾಗಾಗಿ ಜೋಡಿಯನ್ನೇ ಕಟ್ಟು ಹಾಕಿಸಿ ತೂಗುಹಾಕಿದ್ದಾಯಿತು.

ಮೊನ್ನೆ ತಂಗಿಯ ಸೊಸೆ ಬಂದವಳು ಅದರ ಮುಂದೆ ನಿಂತಳು.

"ದೊಡ್ಡಮ್ಮಾ, ದೊಡ್ಡಪ್ಪ ಎಷ್ಟು ಚೆನ್ನಾಗಿ ನಗ್ತಿದ್ದಾರೆ! ಪಕ್ಕದಲ್ಲಿರೋದು ಏನು?"

"ಏನು ಅನ್ಬೇಡಮ್ಮ, ಯಾರು ಅನ್ನು," ಎಂದಳು ಫೋನಕ್ಕ. "ನನ್ನ ಸವತಿ. ನನಗಿಂತ ಎತ್ತರ. ಬೂಟು ಬೇಕು ಅಂತ ಒಂದು ದಿನ ಕೇಳಿದವಳಲ್ಲ."