ರತ್ನಕ್ಕನನ್ನು ಬ್ಯಾಲೆಗೆ ಕರೆದೊಯ್ದದ್ದು

ಅರ್ಥವಾಗದ್ದನ್ನು ಅರ್ಥವಾದಂತೆ ಮುಖ ಮಾಡಿಕೊಂಡು ನೋಡುವುದೂ ಒಂದು ಕಲೆ. ಅದರಲ್ಲಿ ನಾನು ವಿದ್ವತ್ ಮುಗಿಸಿದ್ದೇನೆ. ನಮ್ಮ ಮೈಸೂರಿನ ಮಾಲೊಂದರ ಚಿತ್ರಮಂದಿರದಲ್ಲಿ ಈಚೆಗೆ ಸಿನಿಮಾ ಅಲ್ಲದ್ದನ್ನೂ ಆಗೊಮ್ಮೆ ಈಗೊಮ್ಮೆ ತೋರಿಸುತ್ತಾರೆ. ಯೂರೋಪಿನ ಯಾವುದೋ ರಂಗಮಂದಿರದ ನಾಟಕ, ಒಪೆರಾ, ಬ್ಯಾಲೆಗಳನ್ನು ಅಲ್ಲಿಯೇ ಕ್ಯಾಮೆರಾ ಇಟ್ಟು ಹಿಡಿದು ಇಲ್ಲಿ ಪರದೆಯ ಮೇಲೆ ಬಿಡುತ್ತಾರೆ. ಚಿತ್ರಕಲಾ ಪ್ರದರ್ಶನವನ್ನೂ ಹಾಗೆ ತೋರಿಸುವುದುಂಟು. ನಾನು ಮೊದಲು ಹೋದದ್ದು ಅದಕ್ಕೇ. ಒಂದು ಹಳೆಯ ವರ್ಣಚಿತ್ರದ ಮೇಲೆ ಕ್ಯಾಮೆರಾ ಅಕ್ಕಿಯಲ್ಲಿ ಕಲ್ಲು ಆರಿಸುವಷ್ಟು ನಿಧಾನವಾಗಿ ಹರಿದಾಡುತ್ತಿತ್ತು. ಚಿತ್ರದ ಹೆಂಗಸಿನ ಗಲ್ಲದ ಹತ್ತಿರ ನನಗೆ ಜೊಂಪು ಹತ್ತಿತು. ಒಳ್ಳೆಯ ನಿದ್ದೆ ಮುಗಿಸಿ ಕಣ್ಣು ಬಿಟ್ಟರೆ ಕ್ಯಾಮೆರಾ ಇನ್ನೂ ಅವಳ ಕಿವಿಯ ಓಲೆಯವರೆಗಷ್ಟೇ ಬಂದಿತ್ತು. ಮನೆಗೆ ಬಂದು "ಅದ್ಭುತವಾಗಿತ್ತು" ಎಂದೆ. ಪೂರ್ತಿ ಸುಳ್ಳೇನಲ್ಲ, ನಿದ್ದೆ ಅದ್ಭುತವಾಗಿಯೇ ಬಂದಿತ್ತು.

ಈ ಅನುಭವದ ಬಲದ ಮೇಲೆಯೇ ನಾನು ರತ್ನಕ್ಕನನ್ನು ಬ್ಯಾಲೆಗೆ ಕರೆದುಕೊಂಡು ಹೋಗುವ ಸಾಹಸ ಮಾಡಿದ್ದು. ರತ್ನಕ್ಕ ನನ್ನ ಒಡಹುಟ್ಟಿದ ಅಕ್ಕ. ಬಹಳ ವರ್ಷ ತನ್ನ ಮನೆಯ ನಡುಮನೆಯಲ್ಲೇ ಬಡಾವಣೆಯ ಹೆಣ್ಣುಮಕ್ಕಳಿಗೆ ಭರತನಾಟ್ಯ ಹೇಳಿಕೊಟ್ಟವಳು. ಅರೆಮಂಡಿ ಕೂತು ಕೂತು ಮಂಡಿ ಎರಡೂ ಸವೆದವು ಎಂದು ಅವಳ ವಾದ. ವಯಸ್ಸಾಯಿತು ಎಂದು ಡಾಕ್ಟರ ವಾದ. ಅಂತೂ ಬಲಮಂಡಿ ಬದಲಾಯಿಸುವ ಆಪರೇಷನ್ ಆಗಿ, ಸುಧಾರಿಸಿಕೊಳ್ಳಲು ಶ್ರೀರಾಂಪುರದ ನಮ್ಮ ಮನೆಗೆ ಬಂದಳು. ಬಂದವಳು ಕಿಟಕಿ ಪಕ್ಕದ ಕುರ್ಚಿ ಹಿಡಿದಳು, ಅಷ್ಟೇ. ಫಿಸಿಯೋಥೆರಪಿ ಮಾಡಿಸಲು ಬರುತ್ತಿದ್ದ ಶ್ವೇತಾ ಎಂಬಾಕೆ ಬೇಡಿಕೊಂಡಳು, ಗದರಿದಳು, ಕೊನೆಗೆ ನನ್ನನ್ನು ಬಾಗಿಲ ಹತ್ತಿರ ಕರೆದು, "ಸಾರ್, ಹೀಗೇ ಕೂತ್ರೆ ಮಂಡಿ ಬಿಗಿದುಕೊಂಡುಬಿಡುತ್ತೆ. ಆಮೇಲೆ ಯಾರು ಏನು ಮಾಡಿದ್ರೂ ಬಗ್ಗಲ್ಲ" ಎಂದಳು. ನಾನು ಹೋಗಿ ಅಕ್ಕನಿಗೆ ಬುದ್ಧಿ ಹೇಳಿದೆ. "ನಡೆದು ಎಲ್ಲಿಗೆ ಹೋಗ್ಬೇಕೋ ಸೀನ? ಕುಣಿಯೋದು ಮುಗೀತು. ಬಚ್ಚಲಿಗೆ ಹೋಗೋಕೆ ಈ ಕೋಲು ಸಾಕು" ಎಂದಳು. ಹಟ ಅವಳಿಗೆ ಹುಟ್ಟಿನಿಂದ ಬಂದದ್ದು ಎಂದುಕೊಂಡು ನಾನು ಸುಮ್ಮನಾದೆ.

ಬ್ಯಾಲೆ ಎಂದಾಗ ಮಾತ್ರ ಕತ್ತು ಇತ್ತ ತಿರುಗಿತು. "ಹೆಬ್ಬೆರಳ ತುದೀಲಿ ನಿಲ್ತಾರಂತಲ್ಲ, ಅದೇನಾ? ನಾವು ನೆಲ ತಟ್ಟೋರು, ಅವರು ನೆಲ ಕಂಡ್ರೆ ಓಡೋರು. ಏನ್ ಮಾಡ್ತಾರೋ ನೋಡೇಬಿಡೋಣ" ಎಂದಳು. ಪಕ್ಕದ ಮನೆಯ ನಿಂಗೇಗೌಡರು ಕಾರಿನ ಸಮೇತ ಸಿಕ್ಕರು. ಗೌಡರದು ಪಂಪ್‌ಸೆಟ್ ಅಂಗಡಿ. ಭಾನುವಾರ ರಜಾ, ರಜಾ ದಿನ ಮನೆಯಲ್ಲಿದ್ದರೆ ಹೆಂಡತಿ ಫ್ಯಾನ್ ಒರೆಸಲು ಹಚ್ಚುತ್ತಾರೆಂದು ಅವರು ಯಾರು ಎಲ್ಲಿಗೆ ಕರೆದರೂ ಸಿದ್ಧ.

ಟಿಕೆಟ್ ಕೊಡುವವಳು ನಮ್ಮ ಮೂವರನ್ನೂ, ಅಕ್ಕನ ಕೋಲನ್ನೂ ನೋಡಿ, "ಸಾರ್, ಇದು ಬರೀ ಡ್ಯಾನ್ಸು. ಮಾತಿರಲ್ಲ. ಗೊತ್ತಲ್ವಾ?" ಎಂದು ಮೆತ್ತಗೆ ಕೇಳಿದಳು. "ಗೊತ್ತು, ಗೊತ್ತು" ಎಂದೆ, ವಿದ್ವಾಂಸನ ಗತ್ತಿನಲ್ಲಿ. ಆದರೆ ಗೌಡರಿಗೆ ಅದನ್ನು ತಿಳಿಸಲು ಮರೆತೆ.

ಆಟ ಶುರುವಾಯಿತು. ಮೋಡದಂಥ ಬಿಳಿ ಬಟ್ಟೆಯ ಹುಡುಗಿಯರು ಸಾಲುಸಾಲಾಗಿ ತೇಲಿಕೊಂಡು ಬಂದರು, ಹೋದರು, ಮತ್ತೆ ಬಂದರು. ಒಬ್ಬ ರಾಜಕುಮಾರ ಎದೆ ಮುಟ್ಟಿಕೊಂಡ. ಗೌಡರು ಸುಮಾರು ಹೊತ್ತು ತಾಳಿದರು. ಆಮೇಲೆ ನನ್ನ ಕಿವಿಗೆ ಬಾಗಿ, "ಮೇಷ್ಟ್ರೇ, ಮಾತು ಯಾವಾಗ ಶುರುವಾಯ್ತದೆ?" ಎಂದರು. "ಇರಲ್ಲ ಕಣ್ರೀ." "ಇಂಟರ್‌ವೆಲ್ ಆದ್ಮೇಲೂ?" "ಆಗಲೂ ಇರಲ್ಲ." ಗೌಡರು ಪರದೆಯನ್ನು ಹೊಸದಾಗಿ ಒಮ್ಮೆ ನೋಡಿ, "ಒಳ್ಳೇದಾಯ್ತು ಬುಡಿ. ಇಂಗ್ಲಿಷ್ ಮಾತಾಡ್ತಾರೆ ಅಂತ ಅಳುಕ್ತಾ ಕೂತಿದ್ದೆ" ಎಂದು ಆರಾಮವಾಗಿ ಒರಗಿದರು.

ಇಂಟರ್‌ವೆಲ್ಲೂ ಒಂದು ತಮಾಷೆ. ಇಲ್ಲಿ ನಾವು ಸಮೋಸ ತಿನ್ನುತ್ತಾ ಕೂತಿದ್ದರೆ, ಪರದೆಯ ಮೇಲೆ ಅಲ್ಲಿಯ ಪ್ರೇಕ್ಷಕರು ಸೂಟು ಹಾಕಿಕೊಂಡು ಗ್ಲಾಸು ಹಿಡಿದು ಓಡಾಡುತ್ತಿದ್ದರು. ಅಂಥ ಸಭ್ಯರ ಮುಂದೆ ಬೆರಳಿಗಂಟಿದ ಚಟ್ನಿ ನೆಕ್ಕಲು ನನಗೆ ಸಂಕೋಚವಾಗಿ ಕರ್ಚೀಫು ಹುಡುಕಿದೆ.

ರತ್ನಕ್ಕ ಮಾತ್ರ ಸಮೋಸ ಮುಟ್ಟಲಿಲ್ಲ. ಮೊದಲರ್ಧ ಪೂರ್ತಿ ಅವಳು ಮುಖ ನೋಡಲಿಲ್ಲ, ಪಾದಗಳನ್ನಷ್ಟೇ ನೋಡಿದಳು. ಆಗಾಗ "ಅಯ್ಯೋ, ಆ ಬೆರಳು!" ಎನ್ನುತ್ತಿದ್ದಳು.

ಎರಡನೆಯ ಅರ್ಧದಲ್ಲಿ ಒಂದು ಅನಾಹುತವಾಯಿತು. ಸಾಲಿನ ಮುಂದಿದ್ದ ಹುಡುಗಿಯೊಬ್ಬಳು ಎತ್ತರಕ್ಕೆ ನೆಗೆದು ಇಳಿಯುವಾಗ ಕಾಲು ಜಾರಿ ಧೊಪ್ಪನೆ ಬಿದ್ದಳು. ಸಿನಿಮಾ ಆಗಿದ್ದರೆ ಕತ್ತರಿಸಿ ಎಸೆಯುತ್ತಿದ್ದರು. ಇದು ಆಡುವಾಗಲೇ ಹಿಡಿದದ್ದು, ಬಿದ್ದದ್ದು ಬಿದ್ದ ಹಾಗೇ ಇತ್ತು. ಅಕ್ಕ ನನ್ನ ಮುಂಗೈ ಹಿಡಿದ ರಭಸಕ್ಕೆ ನಾನೇ ಬಿದ್ದವನಂತೆ ಕಿರುಚಿದೆ. ವಾದ್ಯ ನಿಲ್ಲಲಿಲ್ಲ. ಹುಡುಗಿ ಕೈ ಊರಿ ಎದ್ದು, ಓಡಿ ಸಾಲಿಗೆ ಸೇರಿ, ನಗುತ್ತಾ ಕುಣಿಯತೊಡಗಿದಳು.

"ಏನೂ ಆಗಿಲ್ಲ ಬಿಡು" ಎಂದೆ.

"ಆಗಿದೆ ಕಣೋ. ಎಡಗಾಲಿನ ಮೇಲೆ ಭಾರ ಹಾಕ್ತಾ ಇಲ್ಲ, ನೋಡು. ನೋವು ನುಂಗ್ಕೊಂಡು ನಗ್ತಿದಾಳೆ" ಎಂದಳು ಅಕ್ಕ. ಅಲ್ಲಿಂದ ಮುಂದೆ ಅವಳು ಬೇರೆ ಯಾರನ್ನೂ ನೋಡಲಿಲ್ಲ.

ಮುಗಿದ ಮೇಲೆ ಕಲಾವಿದರೆಲ್ಲ ಮುಂದೆ ಬಂದು ಬಾಗಿ ವಂದಿಸಿದರು. ಆ ಹುಡುಗಿಯ ಸರದಿ ಬಂದಾಗ ಅಲ್ಲಿಯ ಜನ ಎದ್ದು ನಿಂತರು. ಸಿನಿಮಾ ಮಂದಿರದಲ್ಲಿ ಪರದೆಗೆ ಚಪ್ಪಾಳೆ ತಟ್ಟಬೇಕೋ ಬೇಡವೋ ಎಂದು ನಾನು ಅತ್ತಿತ್ತ ನೋಡುತ್ತಿದ್ದೆ. ಗೌಡರು ಆಗಲೇ ತಟ್ಟುತ್ತಿದ್ದರು. "ಚೆಂದಾಗಿ ಮಾಡವ್ರೆ, ತಟ್ಟೋಕೇನ್ರೀ ದಾಡಿ?" ಎಂದರು. ತಿರುಗಿ ನೋಡಿದರೆ ನನ್ನ ಪಕ್ಕದ ಕುರ್ಚಿ ಖಾಲಿ. ರತ್ನಕ್ಕ ಮುಂದಿನ ಸೀಟಿನ ಬೆನ್ನು ಹಿಡಿದು ಎದ್ದು ನಿಂತಿದ್ದಳು. ಕೋಲು ಕೆಳಗೆಲ್ಲೋ ಉರುಳಿತ್ತು. ಆಮೇಲೆ ಸೀಟನ್ನೂ ಬಿಟ್ಟು, ಎರಡೂ ಕೈ ಎತ್ತಿ ಆ ಹುಡುಗಿಗೆ ಮುಗಿದಳು. ದೀಪ ಹತ್ತುವವರೆಗೂ ಹಾಗೇ ನಿಂತಿದ್ದಳು. ಬಿದ್ದರೆ ಹಿಡಿಯಲೆಂದು ನಾನು ಕೈ ಚಾಚಿಕೊಂಡಿದ್ದೆ. ಅವಳು ಬೀಳಲಿಲ್ಲ.

ಕಾರಿನಲ್ಲಿ ಮನೆಗೆ ಹೊರಟೆವು. ಬೆಟ್ಟ ಕಾಣುವ ತಿರುವಿನಲ್ಲಿ ಅಕ್ಕ ತಾನೇ ಹೇಳಿದಳು: "ನಂಗೆ ಹಟ ಅಲ್ಲ ಕಣೋ ಸೀನ. ಭಯ. ಬಿದ್ದುಬಿಟ್ರೆ ಅಂತ. ನಾನು ಹೇಳಿಕೊಟ್ಟ ಮಕ್ಕಳು ಯಾರಾದ್ರೂ ನೋಡಿಬಿಟ್ರೆ ಅಂತ." ಒಂದೇ ಹೊಟ್ಟೆಯಲ್ಲಿ ಹುಟ್ಟಿ, ಇಷ್ಟು ದಿನ ಒಂದೇ ಸೂರಿನಡಿ ಇದ್ದೂ ನನಗಿದು ಹೊಳೆದಿರಲಿಲ್ಲ. ಅವಳ ಕೈ ಹಿಡಿದುಕೊಂಡೆ. ಗೌಡರು ಹಿಂದೆ ತಿರುಗದೆ, "ಬಿದ್ರೆ ಎತ್ತೋಕೆ ನಾವಿಲ್ವಾ, ರತ್ನಮ್ಮೋರೆ?" ಎಂದರು.

ಮರುದಿನ ಬೆಳಗ್ಗೆ ನಡುಮನೆಯಿಂದ "ತೈಯ ತೈ" ಕೇಳಿಸಿತು. ಅಕ್ಕ ಕಿಟಕಿಯ ಸರಳು ಹಿಡಿದು, ಶ್ವೇತಾ ಹೇಳಿಕೊಟ್ಟ ವ್ಯಾಯಾಮವನ್ನೆಲ್ಲ ತಾಳಕ್ಕೆ ಕೂರಿಸಿಕೊಂಡು ಮಾಡುತ್ತಿದ್ದಳು. ನನಗೆ ಹಿಗ್ಗೋ ಹಿಗ್ಗು. ಆ ಸಂತೋಷದಲ್ಲಿ ಬಾಗಿಲಲ್ಲೇ ನಿಂತು ನೋಡಿದ್ದು ತಪ್ಪಾಯಿತು. "ಬಾರೋ ಇಲ್ಲಿ. ಒಬ್ಬಳೇ ಮಾಡಿದ್ರೆ ತಾಳ ಓಡುತ್ತೆ. ನಿನ್ನ ಹೊಟ್ಟೆ ನೋಡ್ಕೊ, ಬಾಗಿಲಿಗಿಂತ ಮುಂಚೆ ಹೊರಗೆ ಬರ್ತಿದೆ" ಎಂದಳು. ಅಂದಿನಿಂದ ದಿನವೂ ನಾನು ಇನ್ನೊಂದು ಕಿಟಕಿ ಹಿಡಿದು ಹಿಮ್ಮಡಿ ಎತ್ತುತ್ತೇನೆ, ಇಳಿಸುತ್ತೇನೆ. ಗುರುಗಳಿಗೆ ಕರುಣೆಯಿಲ್ಲ, "ಮಂಡಿ ಮಡಿಸು, ಬೆನ್ನು ನೆಟ್ಟಗೆ" ಎಂದು ತಾಳ ತಟ್ಟುವ ಕೋಲಿನಿಂದ ನನ್ನ ಮೀನಖಂಡ ತಿವಿಯುತ್ತಾರೆ. ಹೆಂಡತಿ ಕಾಫಿ ಹಿಡಿದು ಬಂದವಳು ನಗು ತಡೆಯಲಾಗದೆ ಕಾಫಿ ಸಮೇತ ವಾಪಸು ಹೋಗುತ್ತಾಳೆ.

ಕೆಲವು ವಾರಗಳಾದ ಮೇಲೆ ಅಕ್ಕ ಡಾಕ್ಟರಿಗೆ ತೋರಿಸಿಕೊಳ್ಳಬೇಕಾಗಿ ಬಂತು. ಆಸ್ಪತ್ರೆಯ ಉದ್ದನೆಯ ಮೊಗಸಾಲೆಯಲ್ಲಿ ಅವಳು ಸೀರೆ ನೆರಿಗೆ ಚಿಮ್ಮಿಸಿಕೊಂಡು ಮುಂದೆ ಮುಂದೆ ನಡೆದಳು. ತೊಡೆ, ಮೀನಖಂಡಗಳೆಲ್ಲ ಹಿಡಿದುಕೊಂಡಿದ್ದ ನಾನು ಗೋಡೆ ಹಿಡಿದು ಹಿಂದೆ ಹಿಂದೆ ಬಂದೆ. ನರ್ಸಮ್ಮ ಗಾಲಿಕುರ್ಚಿ ತಳ್ಳಿಕೊಂಡು ಓಡಿ ಬಂದು ನನ್ನನ್ನು ಅದರಲ್ಲಿ ಕೂರಿಸಿ, ಅಕ್ಕನ ಕಡೆ ತಿರುಗಿ ಕೇಳಿದಳು: "ಅಮ್ಮಾ, ಪೇಷೆಂಟಿಗೆ ಯಾವ ಮಂಡಿ ಆಪರೇಷನ್ ಆಗಿರೋದು?"