ಎರಡು ಕೆಜಿ ಬಾಕಿ ಉಳಿದ ಹರಕೆ: ಗೋಣಿಮರದ ಕಾಗೆಯವರಿಗೆ

ಇಂದ:
ಸಿದ್ದರಾಜು ಬಿನ್ ಲೇಟ್ ಬೋರೇಗೌಡ, 70 ವರ್ಷ,
ಊರಿನ ಹಾಲಿನ ಡೈರಿಯ ನಿವೃತ್ತ ಕಾರ್ಯದರ್ಶಿ,
ಸಿಂಧಘಟ್ಟ, ಕೆ.ಆರ್. ಪೇಟೆ ತಾಲ್ಲೂಕು.

ಗೆ:
ಶ್ರೀ ಕಾಗೆಯವರು,
ಗೋಣಿಮರದ ತೆಂಕಣ ಕೊಂಬೆ,
ಅರ್ಜಿದಾರನ ಹೊಲದ ಬದು, ಸಿಂಧಘಟ್ಟ.

ವಿಷಯ: ದಿವಂಗತ ಚಿಕ್ಕಬೋರಮ್ಮನ ಹನ್ನೊಂದನೇ ದಿನದ ಎಡೆಯಲ್ಲಿ ಅನ್ನವನ್ನು ಮುಟ್ಟಿಕೊಡುವ ಬಗ್ಗೆ, ಹಾಗೂ ತೂಕ ಇಳಿಸುವ ಹರಕೆಯಲ್ಲಿ ಆಕೆಯಿಂದ ಬಾಕಿ ಉಳಿದ ಎರಡು ಕೆಜಿಯನ್ನು ಅರ್ಜಿದಾರನ ಮೈಯಿಂದ ಭರ್ತಿ ಮಾಡಿಕೊಳ್ಳುವ ಬಗ್ಗೆ.

ಉಲ್ಲೇಖ: 1) ತೊಣ್ಣೂರಿನ ಶ್ರೀ ನಂಬಿನಾರಾಯಣ ಸ್ವಾಮಿಯವರ ಪಾದಕ್ಕೆ ಒಪ್ಪಿಸಿದ ಹರಕೆ ಪತ್ರ, ದಿನಾಂಕ 17-08-2024.
2) ದಿನಾಂಕ 17-05-2025ರಂದು ತಾವು ಎಡೆಯಿಂದ ಮೊಟ್ಟೆಯೊಂದನ್ನೇ ಎತ್ತಿಕೊಂಡು ಹೋದ ಸಂಗತಿ.

ಮಾನ್ಯ ಕಾಗೆಯವರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ಅರ್ಜಿದಾರನು ಈ ಕೆಳಗಿನ ಅಂಶಗಳನ್ನು ತಮ್ಮ ಗಮನಕ್ಕೆ ತರುತ್ತಾನೆ.

1. ದಿನಾಂಕ 15-05-2025ರ ಗುರುವಾರ ಮಧ್ಯಾಹ್ನ ಒಂದು ಗಂಟೆಯ ಸುಮಾರಿಗೆ ಅರ್ಜಿದಾರನು ಕೆ.ಆರ್. ಪೇಟೆಯ ಒಂದು ಕಲ್ಯಾಣ ಮಂಟಪದಲ್ಲಿ, ನೆಂಟರ ಮದುವೆಯ ಎರಡನೇ ಪಂಕ್ತಿಯಲ್ಲಿ ಊಟಕ್ಕೆ ಕೂತಿದ್ದನು. ಹೋಳಿಗೆ ಮುಗಿದು ಎಲೆಗೆ ಅನ್ನ ಬಿದ್ದಿತ್ತು. ಸಾರು ಹಾಕಿಸಿಕೊಂಡು ಕಲಸುತ್ತಿರುವಾಗ ಜೇಬಿನ ಫೋನು ಬಡಿದುಕೊಂಡಿತು. ಬಲಗೈ ಎಂಜಲಾಗಿದ್ದ ಕಾರಣ, ಪಕ್ಕದಲ್ಲಿ ಕೂತಿದ್ದ ಬಾಲ್ಯದ ಗೆಳೆಯ ಚಿಕ್ಕಸ್ವಾಮಿಯು ತನ್ನ ಎಡಗೈಯಲ್ಲಿ ಫೋನು ತೆಗೆದು ಅರ್ಜಿದಾರನ ಕಿವಿಗೆ ಹಿಡಿದನು. ಆ ಕಡೆ ಮಗ ರವೀಂದ್ರ. “ಅಪ್ಪ, ಊಟ ಆಯ್ತಾ?” ಎಂದು ಮೊದಲು ಕೇಳಿದನು. “ಈಗ ಕೂತಿವ್ನಿ ಕಣಪ್ಪ” ಎಂದದ್ದಕ್ಕೆ, “ಅವ್ವ ಕೊಟ್ಟಿಗೇಲಿ ಬಿದ್ಬುಟ್ಳು ಅಪ್ಪ. ಡಾಕ್ಟ್ರು ನೋಡಿ, ಇಲ್ಲ ಅಂದ್ಬುಟ್ರು” ಎಂದನು. ಅರ್ಜಿದಾರನ ಕೈ ಅನ್ನದಲ್ಲೇ ಇತ್ತು. ಬಡಿಸುವವನು ಬಂದು, “ಗೌಡ್ರಿಗೆ ಇನ್ನೊಂದು ಸ್ವಲ್ಪ ಅನ್ನ?” ಎಂದು ಕೇಳಿದನು. ಅನ್ನವು ಮುಂದಿನ ಅಂಶಗಳಿಗೆಲ್ಲ ಸಂಬಂಧಪಟ್ಟಿರುವ ಕಾರಣ ಇದನ್ನು ನಮೂದಿಸಲಾಗಿದೆ.

2. ಹೃದಯ ನಿಂತು ಸಾವು ಬಂತೆಂದೂ, ಪಥ್ಯಕ್ಕೂ ಇದಕ್ಕೂ ಸಂಬಂಧವಿಲ್ಲವೆಂದೂ ವೈದ್ಯರು ಸ್ಪಷ್ಟವಾಗಿ ಹೇಳಿದ್ದಾರೆ. ಅರ್ಜಿದಾರನು ಅದನ್ನು ಒಪ್ಪಿರುತ್ತಾನೆ. ಈ ಅರ್ಜಿ ಆ ಬಗ್ಗೆ ಅಲ್ಲ.

3. ಪಥ್ಯದ ಹಿನ್ನೆಲೆ ಹೀಗಿದೆ. ಚಿಕ್ಕಬೋರಮ್ಮ ಅರ್ಜಿದಾರನ ಧರ್ಮಪತ್ನಿ; ನಲವತ್ತೆಂಟು ವರ್ಷದ ಸಂಸಾರ. ಎರಡು ವರ್ಷದಿಂದ ಆಕೆಗೆ ಮಂಡಿ ಬಗ್ಗುತ್ತಿರಲಿಲ್ಲ. ಬಗ್ಗದೆ ಹಸುವಿನ ಕೆಚ್ಚಲಿಗೆ ಕೈ ಎಟುಕುವುದಿಲ್ಲ. ಮಗ ಕರೆಯಲು ಕೂತರೆ ಹಸು ಒಂದೂವರೆ ಲೀಟರು ಕಮ್ಮಿ ಕೊಟ್ಟು ಒದೆಯುತ್ತಿತ್ತು. ಆಕೆ ಕೊಟ್ಟಿಗೆಯ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು, “ಮೆತ್ತಗೆ ಹಿಡಿಲಾ, ಅದೇನು ಬೋರ್‌ವೆಲ್ಲಾ” ಎಂದು ಮಗನಿಗೆ ಬುದ್ಧಿ ಹೇಳುತ್ತಾ ಕೂರಬೇಕಾಯಿತು. ಇದು ಆಕೆಗೆ ಮಂಡಿನೋವಿಗಿಂತ ದೊಡ್ಡ ನೋವಾಗಿತ್ತು.

4. ಕಾರಣ, ಕಳೆದ ವರ್ಷ ಆಷಾಢದಲ್ಲಿ ಪಾಂಡವಪುರದ ಡಾಕ್ಟರಮ್ಮನವರ ಬಳಿ ಹೋಗಲಾಯಿತು. ಅವರು ಎಂಬತ್ತೊಂದು ಕೆಜಿ ತೂಗಿಸಿ, “ಅಜ್ಜಿ, ಹತ್ತು ಹನ್ನೆರಡು ಕೆಜಿ ಇಳಿಸಿದ್ರೆ ಮಂಡಿ ತಾನಾಗೇ ಮಾತು ಕೇಳ್ತದೆ. ಮುದ್ದೆ ಅರ್ಧ ಮಾಡಿ. ಅನ್ನ ದಿನಕ್ಕೆ ಒಂದು ಹಿಡಿ, ಅಷ್ಟೇ. ಮೊಟ್ಟೆ, ಸೊಪ್ಪು, ಮೊಳಕೆಕಾಳು, ಮಜ್ಜಿಗೆ ಹೊಟ್ಟೆ ತುಂಬ ತಗೊಳಿ” ಎಂದು ಚೀಟಿ ಬರೆದುಕೊಟ್ಟರು. ಚೀಟಿ ಲಗತ್ತಿಸಿದೆ. ಅದರಲ್ಲಿ “ಒಂದು ಹಿಡಿ” ಎಂಬುದನ್ನು ತಾವು ದಯವಿಟ್ಟು ಗಮನಿಸಬೇಕು.

5. ಆಕೆಯಿಂದ ಆಗಲಿಲ್ಲ. ಅರ್ಧ ಮುದ್ದೆ ಉಂಡು ಎದ್ದವಳು, ಉಳಿದ ಅರ್ಧ ಒಣಗಿಹೋಗುತ್ತದಲ್ಲ ಎಂದು ಮತ್ತೆ ಕೂರುತ್ತಿದ್ದಳು. “ಡಾಕ್ಟ್ರು ಮಾತ ಮೀರ್ಬೋದು, ದೇವ್ರ ಮಾತ ಮೀರಕ್ಕಾಗಲ್ಲ. ತೊಣ್ಣೂರಿಗೆ ವೋಗಿ ಅರಕೆ ಕಟ್ಕತೀನಿ. ಆದಷ್ಟು ಕಮ್ಮಿ ಮಾಡ್ತೀನಪ್ಪ ಸ್ವಾಮಿ, ಮಂಡಿ ಬಗ್ಗೋ ಅಂಗೆ ಮಾಡು ಅಂತ ಕೇಳ್ಕತೀನಿ. ನೀವು ಚೆಂದಾಗಿ ಒಂದು ಕಾಗ್ದ ಬರ್ಕೊಡಿ” ಎಂದಳು.

6. ಅರ್ಜಿದಾರನು ಊರಿನವರಿಗೆ ನಲವತ್ತು ವರ್ಷದಿಂದ ಅರ್ಜಿ ಬರೆದುಕೊಟ್ಟವನು. ಪಹಣಿ ತಿದ್ದುಪಡಿ, ಪಂಪ್‌ಸೆಟ್ಟು, ವಿಧವಾ ವೇತನ, ಎಲ್ಲದಕ್ಕೂ. ಮಾತು ಸಡಿಲವಾದ ಅರ್ಜಿಯನ್ನು ಯಾವ ಕಚೇರಿಯೂ ಮುಂದಕ್ಕೆ ತಳ್ಳುವುದಿಲ್ಲವೆಂದು ಅವನ ಅನುಭವ. ಆದ್ದರಿಂದ “ಆದಷ್ಟು ಕಮ್ಮಿ” ಎಂಬುದನ್ನು ತೆಗೆದು, “ಪೂರಾ ಹನ್ನೆರಡು ಕೆಜಿ ಇಳಿಯುವವರೆಗೆ ಅನ್ನವನ್ನಾಗಲಿ ಮುದ್ದೆಯನ್ನಾಗಲಿ ಯಾವುದೇ ಕಾರಣಕ್ಕೂ ಮುಟ್ಟುವುದಿಲ್ಲ” ಎಂದು ಬರೆದನು. ಓದಿ ಹೇಳಿದಾಗ ಆಕೆ, “ಯಾವುದೇ ಕಾರಣಕ್ಕೂ ಅಂತ ಇರ್ಲೇಬೇಕಾ?” ಎಂದು ಕೇಳಿದಳು. “ಇರ್ಬೇಕು, ಇಲ್ದಿದ್ರೆ ಬಿಗಿ ಬರಲ್ಲ” ಎಂದು ಅರ್ಜಿದಾರನು ಹೇಳಿದನು. ಶ್ರಾವಣ ಶನಿವಾರ ಆಕೆ ಅದಕ್ಕೆ ರುಜು ಮಾಡಿ, ಸ್ವಾಮಿಯ ಪಾದದಲ್ಲಿಟ್ಟು, ಎರಡೂ ಕೈಯಿಂದ ಕೆನ್ನೆ ಬಡಿದುಕೊಂಡಳು.

7. ಅಂದಿನಿಂದ ಒಂಬತ್ತು ತಿಂಗಳು ಆಕೆ ಒಂದು ಅಗುಳು ಮುಟ್ಟಲಿಲ್ಲ. ಬಸ್ಸಾರನ್ನು ಲೋಟದಲ್ಲಿ ಹುಯ್ದುಕೊಂಡು ಕಾಫಿಯಂತೆ ಕುಡಿದಳು. ಸಂಕ್ರಾಂತಿಯ ಪೊಂಗಲನ್ನು ಬಡಿಸಿ ದೂರ ಕೂತಳು. ಪ್ರತಿ ಸೋಮವಾರ ಬೆಳಿಗ್ಗೆ ಡೈರಿಯಲ್ಲಿ ಹಿಂಡಿಮೂಟೆ ತೂಗುವ ಯಂತ್ರದ ಮೇಲೆ ನಿಲ್ಲುತ್ತಿದ್ದಳು. ಹಾಲು ಹಾಕಲು ಬಂದ ಹೆಂಗಸರು ಕ್ಯಾನು ಕೆಳಗಿಟ್ಟು ಸುತ್ತ ನಿಲ್ಲುತ್ತಿದ್ದರು.

“ಈ ವಾರ ಏಸು ಕಮ್ಮಿ ಆದ್ಯಕ್ಕ?”

“ಮುನ್ನೂರು ಗ್ರಾಂ ಕಣವ್ವ. ಎದುರುಗಡೆ ನಮ್ಮ ಯಜಮಾನ್ರು ಎರಡೆರಡು ಮುದ್ದೆ ಮುರೀತಾರೆ. ನಾನು ನೋಡಿದ್ದಕ್ಕೇ ಅರ್ಧ ಮೈಗೆ ಹತ್ಕತದೆ.”

ಅರ್ಜಿದಾರನು ಸದರಿ ಅವಧಿಯಲ್ಲಿ ಒಂದು ಹೊತ್ತೂ ಮುದ್ದೆ ಬಿಡಲಿಲ್ಲ ಎಂಬುದು ನಿಜ.

8. ದಿನಾಂಕ 10-02-2025ರ ಸೋಮವಾರ ಸಂಜೆ ಆಕೆ ಯಾರಿಗೂ ಹೇಳದೆ ಕೊಟ್ಟಿಗೆಗೆ ಹೋಗಿ, ಕುಕ್ಕರುಗಾಲಲ್ಲಿ ಕೂತು, ಹಸು ಕರೆದಳು. ಒದೆಯಲಿಲ್ಲ. ಚೊಂಬು ತುಂಬಿ ನೊರೆ ಚೆಲ್ಲಿತು. ಸೊಸೆ ಪ್ರಮೀಳಾ ನೋಡಿ ಮನೆಯವರನ್ನೆಲ್ಲ ಕೂಗಿದಳು. ಆ ದಿನದ ತೂಕ ಎಪ್ಪತ್ತೈದು. ಆಕೆ ಸೆರಗಲ್ಲಿ ಮುಖ ಒರೆಸಿಕೊಂಡು, “ಮಂಡಿ ಬಗ್ತು ನೋಡಿ. ಕೇಳಿದ್ದ ಕೊಟ್ಟವ್ನೆ ಸ್ವಾಮಿ. ಇನ್ನು ಒಂದು ತುತ್ತು ಮುದ್ದೆ ಉಣ್ಣಬೋದಲ್ವಾ?” ಎಂದು ಅರ್ಜಿದಾರನನ್ನು ಕೇಳಿದಳು.

9. ಅರ್ಜಿದಾರನು, “ಕಾಗ್ದದಲ್ಲಿ ಹನ್ನೆರಡು ಅಂತ ಅದೆ. ಇನ್ನೂ ಆರೇ ಆಗಿರೋದು” ಎಂದನು.

10. ಈಗ ತಮಗೆ ಸಂಬಂಧಪಟ್ಟ ವಿಷಯ. ಮೂರನೇ ದಿನ ಹಾಲುತುಪ್ಪಕ್ಕೆಂದು ಆಕೆಯನ್ನು ಮಣ್ಣು ಮಾಡಿದ ಜಾಗದಲ್ಲಿ ಬಾಳೆಲೆ ಹಾಸಿ ಎಡೆ ಇಡಲಾಯಿತು. ಅನ್ನ, ಮುದ್ದೆ, ಅವರೆಕಾಳು ಸಾರು, ವಡೆ, ಪಾಯಸ, ಮೊಸರನ್ನ. ತೀರಿಕೊಂಡವರು ತಮ್ಮಂಥ ಕಾಗೆಯ ರೂಪದಲ್ಲಿ ಬಂದು ಉಣ್ಣುತ್ತಾರೆಂದು ನಮ್ಮವರ ನಂಬಿಕೆಯಾದ್ದರಿಂದ ಎಲ್ಲರೂ ದೂರ ಸರಿದು ನಿಂತರು. ತಾವು ಇನ್ನಿಬ್ಬರ ಜೊತೆ ಗೋಣಿಮರದ ಮೇಲೆ ಹಾಜರಿದ್ದಿರಿ. ಎಲೆ ನೋಡಿದಿರಿ. ಕತ್ತು ಆ ಕಡೆ ತಿರುಗಿಸಿದಿರಿ. ಹತ್ತು ಗಂಟೆಯಾಯಿತು, ಹನ್ನೊಂದಾಯಿತು, ಅನ್ನ ಬಿಸಿಲಿಗೆ ಒಣಗಿತು.

ಆಕೆಯ ತಂಗಿ ಯಶೋದಮ್ಮ ಅಳುತ್ತಾ, “ಅಕ್ಕನ್ಗೆ ಏನೋ ಆಸೆ ಉಳ್ಕಂಡದೆ ಕಣ್ ಭಾವ. ಏನಾರ ಕೇಳಿದ್ಲಾ?” ಎಂದಳು.

ಅರ್ಜಿದಾರನು ಎಲೆಯ ಮೇಲಿನ ಮೊಸರನ್ನವನ್ನೇ ನೋಡುತ್ತಿದ್ದನು.

ಚಿಕ್ಕಸ್ವಾಮಿಯು, “ಲೇ ಸಿದ್ರಾಜ, ಆವಮ್ಮ ಅನ್ನ ಬುಟ್ಟು ಒಂಬತ್ತು ತಿಂಗ್ಳಾಯ್ತು ಕಣ್ಲಾ. ಈಗ ಎಲೆ ತುಂಬ ಅನ್ನ ಆಕ್ಬುಟ್ಟು ಬಾ ಅಂದ್ರೆ ಎಂಗ್ ಬಂದಾಳು? ಅವಳು ಉಣ್ತಿದ್ದದ್ದ ಇಡ್ಲಾ” ಎಂದನು. ಪ್ರಮೀಳಾ ಮನೆಗೆ ಓಡಿ, ಬೇಯಿಸಿದ ಮೊಟ್ಟೆ, ಸೌತೆಕಾಯಿ, ಮೊಳಕೆ ಹೆಸರುಕಾಳು ತಂದು ಎಲೆಯ ತುದಿಯಲ್ಲಿಟ್ಟಳು. ಅವಳು ನಾಲ್ಕು ಹೆಜ್ಜೆ ಹಿಂದೆ ಸರಿಯುವುದರೊಳಗೆ ತಾವು ಇಳಿದು, ಅನ್ನದ ಪಕ್ಕದಲ್ಲೇ ನಡೆದುಹೋಗಿ, ಮೊಟ್ಟೆ ಎತ್ತಿಕೊಂಡು ಹೊರಟುಹೋದಿರಿ.

11. ಇದು ಲೆಕ್ಕಕ್ಕೆ ಬರುತ್ತದೋ ಇಲ್ಲವೋ ಎಂಬ ಬಗ್ಗೆ ಊರಲ್ಲಿ ಎರಡು ಅಭಿಪ್ರಾಯವಿದೆ. ಮೊಟ್ಟೆ ಕಂಡರೆ ಯಾವ ಕಾಗೆ ಬಿಟ್ಟೀತು ಎಂದು ಕೆಲವರು. ಅನ್ನ ಮುಟ್ಟದೆ ತೃಪ್ತಿಯಿಲ್ಲ ಎಂದು ಹಿರಿಯರು. ಅರ್ಜಿದಾರನಿಗೆ ಮಾತ್ರ ಅಂದೇ ತಿಳಿದುಹೋಯಿತು: ಚಿಕ್ಕಬೋರಮ್ಮ ಅಲ್ಲಿಯೂ ಹರಕೆ ನಡೆಸುತ್ತಿದ್ದಾಳೆ. ಕಾಗದದಲ್ಲಿ “ಯಾವುದೇ ಕಾರಣಕ್ಕೂ” ಎಂದಿದೆ. ಸತ್ತದ್ದೂ ಒಂದು ಕಾರಣವೇ. ಅದಕ್ಕೆ ವಿನಾಯಿತಿ ಬರೆದಿಲ್ಲ.

12. ಹರಕೆ ಹಿಂದಕ್ಕೆ ಪಡೆಯಲು ಅರ್ಜಿದಾರನು ತೊಣ್ಣೂರಿನ ಅರ್ಚಕರಿಗೆ ಫೋನು ಮಾಡಿದನು. ಅವರು, “ಸ್ವಾಮಿ ಎದುರಿಗೆ ನಿಂತೇ ಬಿಡಿಸ್ಕೋಬೇಕು ಗೌಡ್ರೆ. ಆದ್ರೆ ನಿಮಗೆ ಸೂತಕ. ಹನ್ನೊಂದು ಕಳೀಲಿ, ಬನ್ನಿ” ಎಂದರು. ಹನ್ನೊಂದನೇ ದಿನ ತಿಥಿ ಆಗದೆ ಸೂತಕ ಹೋಗುವುದಿಲ್ಲ. ತಾವು ಅನ್ನ ಮುಟ್ಟದೆ ತಿಥಿ ಆಯಿತೆನ್ನುವಂತಿಲ್ಲ. ಹರಕೆ ಬಿಡದೆ ತಾವು ಅನ್ನ ಮುಟ್ಟುವುದಿಲ್ಲ. ಸೂತಕ ಹೋಗದೆ ಹರಕೆ ಬಿಡುವಂತಿಲ್ಲ. ಅರ್ಜಿದಾರನು ಬಹಳ ಕಚೇರಿ ಸುತ್ತಿದವನು. ಇಂಥ ಸುತ್ತನ್ನು ತಾಲ್ಲೂಕು ಕಚೇರಿಯಲ್ಲೂ ಕಂಡಿಲ್ಲ. ಆ ಲೋಕಕ್ಕೂ ಈ ಲೋಕಕ್ಕೂ ಸೂತಕವಿಲ್ಲದೆ ಓಡಾಡುವವರು ತಾವೊಬ್ಬರೇ ಆದ ಕಾರಣ ಈ ಅರ್ಜಿ ತಮಗೆ.

13. ಬಾಕಿ ಎರಡು ಕೆಜಿಯ ಬಗ್ಗೆ. ದಿನಾಂಕ 12-05-2025ರ ಸೋಮವಾರ ಆಕೆ ಎಪ್ಪತ್ತೊಂದು ಕೆಜಿ ಇದ್ದಳು. ಅಂದರೆ ಹತ್ತು ಇಳಿದಿತ್ತು. ಅಂದೇ ಆಕೆ ತಮಾಷೆಗೆಂದು ಅರ್ಜಿದಾರನನ್ನೂ ಯಂತ್ರದ ಮೇಲೆ ನಿಲ್ಲಿಸಿದ್ದಳು: ಅರವತ್ತನಾಲ್ಕು ಕೆಜಿ ನಾನೂರು ಗ್ರಾಂ. ಆ ಮದುವೆಯ ಎಲೆಯಿಂದ ಎದ್ದ ಮೇಲೆ ಅರ್ಜಿದಾರನಿಗೆ ಅನ್ನ ಇಳಿದಿಲ್ಲ. ಸೊಸೆ, “ಮಾವ, ಒಂಚೂರು ಗಂಜಿನಾರ ಕುಡೀರಿ” ಎಂದು ಎರಡು ಹೊತ್ತು ಲೋಟ ಹಿಡಿದು ನಿಲ್ಲುತ್ತಾಳೆ. ಅವಳ ಮುಖ ನೋಡಲಾರದೆ ಮಜ್ಜಿಗೆ ಕುಡಿದಿದ್ದಾನೆ. ಈ ದಿನ ಬೆಳಿಗ್ಗೆ ಡೈರಿಯಲ್ಲಿ ತೂಗಲಾಗಿ ಅರವತ್ತೆರಡು ಕೆಜಿ ಇನ್ನೂರು ಗ್ರಾಂ ಬಂದಿರುತ್ತದೆ. ಇಳಿದದ್ದು ಎರಡು ಕೆಜಿ ಇನ್ನೂರು ಗ್ರಾಂ. ಗಂಡಹೆಂಡಿರು ವ್ರತವನ್ನು ಒಟ್ಟಿಗೆ ಮಾಡಬಹುದೆಂದು ಶಾಸ್ತ್ರವಿದೆ. ಆಕೆಯ ಹತ್ತಕ್ಕೆ ಇವನ ಎರಡು ಕೂಡಿದರೆ ಹನ್ನೆರಡು. ಮೇಲಿನ ಇನ್ನೂರು ಗ್ರಾಂ ವಾಪಸು ಬೇಡ.

14. ಕೊನೆಯದಾಗಿ, ಯಶೋದಮ್ಮ ಕೇಳಿದ ಪ್ರಶ್ನೆಗೆ ಉತ್ತರ. ಇದನ್ನು ಅರ್ಜಿದಾರನು ಮನೆಯಲ್ಲಿ ಯಾರಿಗೂ ಹೇಳಿಲ್ಲ. ಹದಿನೈದನೇ ತಾರೀಕು ಬೆಳಿಗ್ಗೆ, ಅವನು ಮದುವೆಗೆ ಹೊರಡುವಾಗ, ಆಕೆ ಮಗನಿಗೆಂದು ಮೊಸರನ್ನ ಕಲಸುತ್ತಿದ್ದಳು. ಮದುವೆಗೆ ತಾನು ಬರುವುದಿಲ್ಲ, ಎಲೆ ನೋಡಿದರೆ ಆಸೆಯಾಗುತ್ತದೆ ಎಂದಿದ್ದಳು. ಕಲಸಿ ಕಲಸಿ ನಿಲ್ಲಿಸಿ, “ಯಾಕೋ ಬಾಯಿಗೆ ಇದೇ ಬೇಕು ಅನ್ನುಸ್ತದೆ. ಒಂದೇ ಒಂದು ಹಿಡಿ ತಿನ್ಲಾ?” ಎಂದು ಕೇಳಿದಳು. ಅರ್ಜಿದಾರನು ಚಪ್ಪಲಿ ಮೆಟ್ಟುತ್ತಾ, “ಇನ್ನೆರಡು ಕೆಜಿ ತಾನೆ, ತಡ್ಕೊ” ಎಂದನು. ಆಕೆ, “ಆಯ್ತು ಬುಡಿ” ಎಂದು, ಬೆರಳಿಗೆ ಅಂಟಿದ್ದ ಅಗುಳನ್ನೂ ನೀರಲ್ಲಿ ತೊಳೆದುಕೊಂಡಳು. ಅರ್ಜಿದಾರನು ಹೋಗಿ ಮದುವೆಯ ಊಟ ಉಂಡನು.

ಆದ್ದರಿಂದ, ಮೇಲ್ಕಂಡ ಎಲ್ಲ ಕಾರಣಗಳಿಂದ:

ಮಂಡಿ ಬಗ್ಗಿದ ದಿನವೇ ಚಿಕ್ಕಬೋರಮ್ಮ ಕೇಳಿಕೊಂಡಿದ್ದ ಹರಕೆ ತೀರಿತೆಂದೂ, ಆಮೇಲಿನ ಕಿಲೋಗಳೆಲ್ಲ ಅರ್ಜಿದಾರನ ಲೇಖನಿಯ ತಪ್ಪೆಂದೂ ಪರಿಗಣಿಸಬೇಕು. ಅದು ಆಗದಿದ್ದರೆ ಅಂಶ 13ರಲ್ಲಿ ಕಂಡ ಎರಡು ಕೆಜಿಯನ್ನು ಸೇರಿಸಿಕೊಳ್ಳಬೇಕು. ಅದೂ ಆಗದಿದ್ದರೆ, ಹರಕೆ ಮುರಿದ ಪಾಪವನ್ನು ಬರೆದವನ ತಲೆಗೆ ಹಾಕಿ, ರುಜು ಮಾಡಿದವಳನ್ನು ಬಿಟ್ಟುಬಿಡಬೇಕು. ಈ ಸಂಗತಿಯನ್ನು ಆಕೆಗೆ ತಿಳಿಸಿ, ನಾಡಿದ್ದು ದಿನಾಂಕ 25-05-2025ರ ಭಾನುವಾರ ಬೆಳಿಗ್ಗೆ ಎಡೆಗೆ ಕರೆತರಬೇಕು.

ಇಂತು ತಮ್ಮ ದಾರಿ ನೋಡುತ್ತಿರುವ,
ಸಿದ್ದರಾಜು
ಸಿಂಧಘಟ್ಟ, ದಿನಾಂಕ 23-05-2025

ಲಗತ್ತುಗಳು:
1. ಡಾಕ್ಟರಮ್ಮನವರ ಚೀಟಿ (ಅಸಲು).
2. ಹರಕೆ ಪತ್ರದ ಕರಡು, ಅರ್ಜಿದಾರನ ಕೈಬರಹದಲ್ಲಿ. “ಆದಷ್ಟು” ಎಂಬ ಪದ ಹೊಡೆದುಹಾಕಿರುವುದು ಕಾಣುತ್ತದೆ.
3. ಡೈರಿಯ ತೂಕದ ಚೀಟಿಗಳು, ಚಿಕ್ಕಬೋರಮ್ಮನವು ಮೂವತ್ತೆಂಟು, ಅರ್ಜಿದಾರನವು ಎರಡು.

ವಿ.ಸೂ.: ತಮಗೆ ಓದಲು ತೊಂದರೆಯಾಗಬಾರದೆಂದು ಈ ಅರ್ಜಿಯನ್ನು ನಾಳೆ ಬೆಳಿಗ್ಗೆ ಮರದ ಬುಡದಲ್ಲಿ ನಿಂತು ಗಟ್ಟಿಯಾಗಿ ಓದಲಾಗುವುದು. ಭಾನುವಾರದ ಎಡೆಯಲ್ಲಿ ಮೊಟ್ಟೆ ಇರುವುದಿಲ್ಲ; ಕ್ಷಮಿಸಬೇಕು. ಮೊಸರನ್ನವನ್ನು ಅರ್ಜಿದಾರನೇ ತನ್ನ ಕೈಯಾರೆ ಕಲಸಿ ಇಡುತ್ತಾನೆ. ಪೂರ್ತಿ ಉಣ್ಣಬೇಕೆಂದಿಲ್ಲ, ಒಂದು ಹಿಡಿ ಸಾಕು.

ತಂದೆ ನಂಬಿನಾರಾಯಣ, ನಿನ್ನ ಹೊಸಲಿನ ಆಚೆಯೇ ನಿಂತು ಬೇಡುತ್ತಿದ್ದೇನೆ, ಸೂತಕದ ಬಾಯಿ ಎನ್ನಬೇಡ. ನನ್ನ ಚಿಕ್ಕಬೋರಮ್ಮ ನಿನಗೆ ಕೊಟ್ಟ ಮಾತಿಗೆ ಒಂದು ಅಗುಳೂ ತಪ್ಪಿಲ್ಲ. ಅವಳನ್ನು ನಿನ್ನ ಪಂಕ್ತಿಯಲ್ಲಿ ಕೂರಿಸಿಕೊ, ಸಾಕು ಅನ್ನುವವರೆಗೆ ಬಡಿಸು, ಅವಳ ಆತ್ಮ ತಣ್ಣಗಿರಲಿ.